ಸಹಾಯ ಬೇಕು: ಪೋಸ್ಟಿಂಗ್ ಕೊನೆಯಲ್ಲಿ ಅಂಕ ಹೇಗೆ ಕೊಡುತ್ತಾರೆ?

ಸೀನಿಯರ್ ಅಣ್ಣಂದಿರೇ, ಅಕ್ಕಂದಿರೇ, ನಮಸ್ಕಾರ. ಕಲಬುರಗಿಯಲ್ಲಿ ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದೇನೆ. ಮೆಡಿಸಿನ್ ಪೋಸ್ಟಿಂಗ್ (ವಾರ್ಡ್‌ನಲ್ಲಿ ರೋಗಿಗಳನ್ನು ನೋಡಿ ಕಲಿಯುವ ಅವಧಿ) ಮುಂದಿನ ವಾರ ಮುಗಿಯುತ್ತದೆ. ಕೊನೆಗೆ ಕೇಸ್ ಪ್ರೆಸೆಂಟೇಶನ್, ವೈವಾ ಇದೆ. ಹಾಜರಿ 80% ದಾಟಿದೆ, ಆ ಚಿಂತೆ ಇಲ್ಲ.

ಚಿಂತೆ ಲಾಗ್‌ಬುಕ್‌ನದು, ಅಂದರೆ ನಾವು ಮಾಡಿದ್ದನ್ನು ಬರೆದು ಸರ್ ಹತ್ತಿರ ಸಹಿ ಹಾಕಿಸುವ ಪುಸ್ತಕದ್ದು. 2019ರಲ್ಲಿ ಬಂದ ಪಠ್ಯಕ್ರಮದ ಪ್ರಕಾರ ಸಹಿ ಜೊತೆ ಫೀಡ್‌ಬ್ಯಾಕ್ ಕೂಡ ಕೊಡಬೇಕು, ಅಲ್ವಾ? ನನಗೆ ಸಹಿ ಮಾತ್ರ ಸಿಕ್ಕಿದೆ. ಎಲ್ಲಿ ತಪ್ಪಿದೆ ಅಂತ ಯಾರೂ ಹೇಳಿಲ್ಲ.

ಮೊನ್ನೆ ಆಳಂದ ಕಡೆಯ ಒಬ್ಬ ಅಜ್ಜಿಯ ಹಿಸ್ಟರಿ (ಕಾಯಿಲೆಯ ಹಿನ್ನೆಲೆ) ತೆಗೆದುಕೊಂಡೆ. ದಮ್ಮಿನ ತೊಂದರೆ. ಪಕ್ಕದಲ್ಲಿ ಅರ್ಧ ಗಂಟೆ ಕೂತ ಮೇಲೆ ಸೌದೆ ಒಲೆಯ ಹೊಗೆಯ ವಿಷಯ ಅವರಾಗಿಯೇ ಹೇಳಿದರು. ರೋಗಿಯ ಜೊತೆ ಹೀಗೆ ಮಾತಾಡುವುದಕ್ಕೆ ಅಂಕ ಇದೆಯಾ? ಇಲ್ಲ, ಎದೆ ಪರೀಕ್ಷೆಯ ಕ್ರಮ, ಡಯಾಗ್ನೋಸಿಸ್ ಇವನ್ನೇ ಜಾಸ್ತಿ ನೋಡುತ್ತಾರಾ? ಸರ್ ಹತ್ತಿರ ಫೀಡ್‌ಬ್ಯಾಕ್ ಹೇಗೆ ಕೇಳಲಿ? ಭಾನುವಾರದೊಳಗೆ ಯಾರಾದರೂ ತಿಳಿಸಿ, ಪ್ಲೀಸ್.