ಸಹಾಯ ಬೇಕು: ವಿದೇಶದ ಆಸ್ಪತ್ರೆಯಲ್ಲಿ ರೇಡಿಯೋಗ್ರಫಿ ಪ್ಲೇಸ್‌ಮೆಂಟ್

ಎಲ್ಲರಿಗೂ ನಮಸ್ಕಾರ. ನಾನು ರೇಡಿಯೋಗ್ರಫಿ (ಎಕ್ಸ್‌ರೇ ತೆಗೆಯೋ ಕೋರ್ಸ್) ಮೂರನೇ ವರ್ಷದ ವಿದ್ಯಾರ್ಥಿನಿ. ವಿದೇಶದ ಆಸ್ಪತ್ರೆಯೊಂದರಲ್ಲಿ ಆರು ವಾರದ ಪ್ಲೇಸ್‌ಮೆಂಟ್ (ತರಬೇತಿ) ಸಿಕ್ಕಿದೆ. ಹೊರಡೋಕೆ ನಾಲ್ಕು ತಿಂಗಳಿದೆ. ಹೀಗೆ ಹೋಗಿಬಂದವರು ಇದ್ದರೆ ದಯವಿಟ್ಟು ಸ್ವಲ್ಪ ದಾರಿ ತೋರಿಸಿ.

ಮೊದಲ ತಲೆನೋವು ಲಸಿಕೆ. ಹೆಪಟೈಟಿಸ್ ಬಿ ಸಾಮಾನ್ಯವಾಗಿ 0, 1, 6 ತಿಂಗಳಿಗೆ ಮೂರು ಡೋಸ್. ನಾನು ಮೊದಲನೆಯದು ಹಾಕಿಸಿಕೊಂಡಿದ್ದೇ ಹೋದ ವಾರ (ಬೈಯಬೇಡಿ, ನಾನೇ ಬೈದುಕೊಂಡಾಗಿದೆ). ಆ ಆಸ್ಪತ್ರೆಯವರು ಆ್ಯಂಟಿಬಾಡಿ ರಿಪೋರ್ಟ್ (ಲಸಿಕೆ ಕೆಲಸ ಮಾಡಿದೆಯಾ ಅಂತ ನೋಡೋ ರಕ್ತಪರೀಕ್ಷೆ) ಬೇರೆ ಕೇಳಿದ್ದಾರೆ. 0, 1, 2 ತಿಂಗಳಿಗೆ ಹಾಕಿಸಿ 12ಕ್ಕೆ ಬೂಸ್ಟರ್ ತಗೊಳ್ಳೋ ಕ್ರಮವನ್ನು ನೀವು ಹೋದ ಆಸ್ಪತ್ರೆಯವರು ಒಪ್ಪಿಕೊಂಡಿದ್ದರಾ?

ಡೋಸಿಮೀಟರ್ ಬ್ಯಾಡ್ಜ್ (ನಮ್ಮ ಮೈಗೆ ಎಷ್ಟು ವಿಕಿರಣ ಬಿತ್ತು ಅಂತ ಅಳೆಯೋದು) ಅಲ್ಲೇ ಕೊಡ್ತಾರಾ? ನನ್ನದನ್ನೇ ಒಯ್ದರೆ ಏರ್‌ಪೋರ್ಟ್ ಸ್ಕ್ಯಾನರ್‌ನ ಎಕ್ಸ್‌ರೇ ಕೂಡ ನನ್ನ ಲೆಕ್ಕಕ್ಕೇ ಬೀಳುತ್ತೆ.

ನಿಜವಾದ ಭಯ ಭಾಷೆಯದು. ಹೋದ ತಿಂಗಳು ಒಬ್ಬ ಅಜ್ಜನಿಗೆ ಚೆಸ್ಟ್ ಪಿಎ (ಬೆನ್ನ ಕಡೆಯಿಂದ ತೆಗೆಯೋ ಎದೆ ಎಕ್ಸ್‌ರೇ) ತೆಗೆಯುವಾಗ "ಉಸಿರು ಪೂರ್ತಿ ಎಳ್ಕೊಂಡು ಹಿಡ್ಕೊಳ್ಳಿ" ಅಂದೆ. ಅವರು ಎಳ್ಕೊಂಡರು, ನಾನು ಬಟನ್ ಒತ್ತೋ ಹೊತ್ತಿಗೆ ಬಿಟ್ಟೂ ಬಿಟ್ಟರು. ಡಯಾಫ್ರಾಮ್ (ಎದೆ-ಹೊಟ್ಟೆ ನಡುವಿನ ಸ್ನಾಯು) ಮೇಲೇರಿ, ಹಿಂಭಾಗದ ಹತ್ತು ಪಕ್ಕೆಲುಬು ಕಾಣಬೇಕಾದಲ್ಲಿ ಏಳೇ ಕಂಡವು. ರಿಪೀಟ್ ಮಾಡಬೇಕಾಯ್ತು, ಪಾಪ ಅವರಿಗೆ ಸುಮ್ಮನೆ ಇನ್ನೊಂದು ಡೋಸ್ ವಿಕಿರಣ. ಸ್ವಂತ ಭಾಷೆಯಲ್ಲೇ ಈ ಕಥೆ! ಗರ್ಭಿಣಿಯಾ ಅಂತ ಕೇಳೋದಂತೂ ಅರೆಬರೆ ಭಾಷೆಯಲ್ಲಿ ಆಗೋ ಕೆಲಸವೇ ಅಲ್ಲ.

ನೀವು ಯಾವ ಯಾವ ವಾಕ್ಯ ಮೊದಲೇ ಬಾಯಿಪಾಠ ಮಾಡಿಕೊಂಡಿರಿ? ದುಭಾಷಿ ಸಿಗ್ತಿದ್ದರಾ? ಇನ್‌ಬಾಕ್ಸ್‌ಗೆ ಬರೆದರೂ ಸರಿ.