ದುಡ್ಡು ಕಟ್ಟಾಯ್ತು, ರೂಮು ಬುಕ್ ಆಗ್ಲಿಲ್ಲ: ವೆಬ್‌ಸೈಟ್ ಮೇಲೆ ಕಣ್ಣಿಡೋದು ಎಲ್ಲಿಂದ ಶುರು ಮಾಡೋದು?

ಪ್ರಶ್ನೆ, ಕುಮಟಾದಿಂದ:

ಅಕ್ಕಾ ನಮಸ್ಕಾರ. ನಾನು, ನನ್ನ ದೋಸ್ತ ಸೇರಿ ಗೋಕರ್ಣ ಕುಮಟಾ ಕಡೆ ಹೋಮ್‌ಸ್ಟೇ ಬುಕಿಂಗ್ ಮಾಡೋ ಒಂದು ವೆಬ್‌ಸೈಟ್ ನಡೆಸ್ತಾ ಇದ್ದೇವೆ. ಕೋಡ್ ನೋಡ್ ಜೆಎಸಲ್ಲಿ, ಡೇಟಾಬೇಸ್ ಪೋಸ್ಟ್‌ಗ್ರೆಸ್, ಎಲ್ಲಾ ಒಂದೇ 2 ಜಿಬಿ ವಿಪಿಎಸ್ (ಬಾಡಿಗೆ ಸರ್ವರ್) ಮೇಲೆ. ಶಿವರಾತ್ರಿ ಟೈಮಲ್ಲಿ ಎಂತಾಯ್ತು ಅಂದ್ರೆ ಕೆಲವರ ಅಕೌಂಟಿಂದ ಯುಪಿಐ ದುಡ್ಡು ಕಟ್ಟಾಗಿದೆ, ನಮ್ಮಲ್ಲಿ ರೂಮು ಬುಕ್ ಆಗ್ಲೇ ಇಲ್ಲ. ಹುಬ್ಬಳ್ಳಿಯಿಂದ ಒಂದು ಫ್ಯಾಮಿಲಿ ರಾತ್ರಿ 11 ಗಂಟೆಗೆ ಬಂದು ಬಾಗ್ಲಲ್ಲಿ ನಿಂತಾಗ್ಲೇ ನಮಗೆ ಗೊತ್ತಾಗಿದ್ದು, ಮಕ್ಕಳು ನಿದ್ದೆಗಣ್ಣಲ್ಲಿದ್ವು, ಬಹಳ ಬೇಜಾರಾಯ್ತು. ಹೋಸ್ಟಿಂಗ್ ಪ್ಯಾನಲ್ ನೋಡಿದ್ರೆ ಸಿಪಿಯು, ಮೆಮರಿ ಎಲ್ಲಾ ಹಸಿರು. ಮಾನಿಟರಿಂಗ್ ಹಾಕಿ ಅಂತ ಎಲ್ರೂ ಹೇಳ್ತಾರೆ, ಯಾವುದು ಹಾಕೋದು, ಎಲ್ಲಿಂದ ಶುರು ಮಾಡೋದು?

ಉತ್ತರ, ಶಿರಸಿಯಿಂದ:

ತಮ್ಮಾ, ಪ್ಯಾನಲ್ ಹಸಿರಿದ್ದಿದ್ದು ಸುಳ್ಳಲ್ಲ, ಮಿಷನ್ ಆರಾಮಾಗೇ ಓಡ್ತಿತ್ತು. ಆದ್ರೆ ನಿನ್ನ ಸೈಟ್ ಇರೋದು ಜನ ದುಡ್ಡು ಕೊಟ್ಟು ರೂಮು ತಗೊಳ್ಳೋಕೆ, ಆ ಕೆಲಸ ಆಗ್ತಿದ್ಯಾ ಅಂತ ಯಾರೂ ನೋಡ್ತಾ ಇರ್ಲಿಲ್ಲ. ಹಾಗಾಗಿ ಟೂಲ್ ಯಾವುದು ಅನ್ನೋದು ಆಮೇಲೆ, ಮೊದ್ಲು ಒಂದು ಅಲಾರಂ ಹಾಕು: ದುಡ್ಡು ಬಂದು 10 ನಿಮಿಷ ಆದ್ರೂ ಕನ್ಫರ್ಮ್ ಆಗದ ಬುಕಿಂಗ್ ಒಂದೇ ಒಂದು ಇದ್ರೂ ಇಬ್ಬರ ಫೋನೂ ರಿಂಗ್ ಆಗ್ಬೇಕು. ಪ್ರತಿ 5 ನಿಮಿಷಕ್ಕೆ ತಾನಾಗೇ ಓಡೋ ಒಂದು ಸಣ್ಣ ಪ್ರೋಗ್ರಾಂ ಸಾಕು, ಅದಕ್ಕೆ ಕ್ರಾನ್ ಜಾಬ್ ಅಂತಾರೆ. ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ, ನಿನ್ನ ಡೇಟಾಬೇಸ್ ಒಂದನ್ನೇ ಕೇಳಿದ್ರೆ ಆಗೂದಿಲ್ಲ, ಯಾಕಂದ್ರೆ ಪೇಮೆಂಟ್ ಆಗಿದ್ದೇ ಅದಕ್ಕೆ ಗೊತ್ತಿರದೇ ಇರ್ಬಹುದು. ನಿಮಗಾಗಿ ದುಡ್ಡು ತಗೊಳ್ಳೋ ಪೇಮೆಂಟ್ ಗೇಟ್‌ವೇ ಕಂಪನಿಯ ಎಪಿಐಯಿಂದ (ನಿನ್ನ ಕೋಡ್ ಅವರ ಸರ್ವರನ್ನ ಕೇಳೋ ದಾರಿ) ಆ ಅವಧಿಯ ಪೇಮೆಂಟ್ ಪಟ್ಟಿ ತಗೊಂಡು ನಿನ್ನ ಬುಕಿಂಗ್ ಟೇಬಲ್ ಜೊತೆ ತಾಳೆ ನೋಡ್ಬೇಕು. ಅಂಗಡಿಯವ್ರು ರಾತ್ರಿ ಗಲ್ಲಾ ಎಣಿಸಿ ಬಿಲ್ ಪುಸ್ತಕಕ್ಕೆ ತಾಳೆ ನೋಡ್ತಾರಲ್ಲ, ಅದೇ ಕೆಲಸ.

ಎರಡನೇದು, ದುಡ್ಡು ಬಂತು ಅಂತ ಗೇಟ್‌ವೇ ನಿನ್ನ ಸರ್ವರ್‌ಗೆ ಕಳಿಸೋ ಸಂದೇಶಕ್ಕೆ ವೆಬ್‌ಹುಕ್ ಅಂತಾರೆ, ಅದನ್ನ ತಗೊಳ್ಳೋ ಕೋಡ್ ಇವತ್ತೇ ತೆಗೆದು ನೋಡು. ನನ್ನ ಅನುಮಾನ ಪೂರ್ತಿ ಅಲ್ಲೇ ಇದೆ. ಒಳಗೆ ಎರರ್ ಹಿಡಿಯೋ ಟ್ರೈ ಕ್ಯಾಚ್ ಹಾಕಿ, ಕ್ಯಾಚಲ್ಲಿ ಬರೀ ಕನ್ಸೋಲ್ ಲಾಗ್ ಮಾಡಿ, ಕೊನೆಗೆ 200 (ಎಲ್ಲಾ ಸರಿ) ಅಂತ ಉತ್ತರ ಕಳಿಸಿರ್ತೀರಿ. ಗೇಟ್‌ವೇ 200 ನೋಡಿ ಇವರಿಗೆ ಮುಟ್ತು ಅಂತ ಸುಮ್ನಾಗುತ್ತೆ, 500 (ಸರ್ವರಲ್ಲಿ ಎರರ್) ಅಂತ ಬಂದಿದ್ರೆ ಸಾಧಾರಣವಾಗಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸ್ತಿತ್ತು. ಅಂದ್ರೆ ಎರರ್ ನುಂಗಿದ್ದು ನಿಮ್ಮ ಕೋಡೇ. ಅದನ್ನ ಸರಿ ಮಾಡುವಾಗ ಪೇಮೆಂಟ್ ಐಡಿ ಮೇಲೆ ಯುನೀಕ್ ಕನ್‌ಸ್ಟ್ರೇಂಟ್ (ಒಂದು ಐಡಿ ಟೇಬಲಲ್ಲಿ ಒಂದೇ ಸಲ ಅನ್ನೋ ನಿಯಮ) ಹಾಕೋದು ಮರೀಬೇಡ, ಒಂದೇ ವೆಬ್‌ಹುಕ್ ಎರಡು ಸಲ ಬಂದ್ರೆ ಎರಡು ರೂಮು ಬುಕ್ ಆಗ್ಬಾರ್ದು.

ಎರರ್ ಹಿಡಿಯೋಕೆ ಸೆಂಟ್ರಿ ಹಾಕು. 2008ರಲ್ಲಿ ಜ್ಯಾಂಗೋ ಅನ್ನೋ ಪೈಥಾನ್ ಫ್ರೇಮ್‌ವರ್ಕ್‌ಗೆ ಒಂದು ಸಣ್ಣ ಪ್ಲಗಿನ್ ಆಗಿ ಶುರುವಾಗಿದ್ದು, ಈಗ ನೋಡ್‌ಗೂ ಬ್ರೌಸರ್‌ಗೂ ಎರಡಕ್ಕೂ ಎಸ್‌ಡಿಕೆ (ನಿನ್ನ ಕೋಡಿಗೆ ಸೇರಿಸೋ ಲೈಬ್ರರಿ) ಇದೆ, ಎರಡೂ ಕಡೆ ಹಾಕು. ಜಾವಾಸ್ಕ್ರಿಪ್ಟ್ ಗ್ರಾಹಕರ ಮೊಬೈಲಲ್ಲಿ ಒಡೆದ್ರೆ ಸರ್ವರ್ ಲಾಗಲ್ಲಿ ಏನೂ ಕಾಣೂದಿಲ್ಲ. ಪ್ರತಿ ಡಿಪ್ಲಾಯ್‌ಗೆ, ಅಂದ್ರೆ ಹೊಸ ಕೋಡ್ ಸರ್ವರ್‌ಗೆ ಏರಿಸಿದಾಗೆಲ್ಲ, ಒಂದು ರಿಲೀಸ್ ಹೆಸರು ಕೊಡು, ಯಾವ ಡಿಪ್ಲಾಯ್ ಆದ್ಮೇಲೆ ಈ ಎರರ್ ಹುಟ್ತು ಅಂತ ಕೂಡ್ಲೇ ತಿಳಿಯುತ್ತೆ. ಮಿನಿಫೈ ಆದ, ಅಂದ್ರೆ ಒತ್ತಿ ಚಿಕ್ಕದು ಮಾಡಿದ ಕೋಡನ್ನ ಮೂಲ ಸಾಲಿಗೆ ಹೊಂದಿಸೋ ಸೋರ್ಸ್ ಮ್ಯಾಪ್ ಅಪ್ಲೋಡ್ ಮಾಡು, ಇಲ್ದಿದ್ರೆ ಒಂದೇ ಸಾಲಿನ ಮಿನಿಫೈ ಆದ ಫೈಲಲ್ಲಿ 48213ನೇ ಅಕ್ಷರದಲ್ಲಿ ತಪ್ಪಿದೆ ಅಂತ ಬರುತ್ತೆ, ಅದನ್ನಿಟ್ಕೊಂಡು ಎಂತ ಮಾಡೋದು? ಬುಕಿಂಗ್ ಐಡಿ ಟ್ಯಾಗ್ ಆಗಿ ಹೋಗ್ಲಿ. ಗ್ರಾಹಕರ ಹೆಸರು, ಫೋನ್ ನಂಬರು, ಅವರು ಅಪ್ಲೋಡ್ ಮಾಡಿದ ಆಧಾರ್ ಮಾತ್ರ ಹೋಗ್ಲೇಬಾರ್ದು, ಬಿಫೋರ್‌ಸೆಂಡ್ ಅನ್ನೋ ಫಂಕ್ಷನಲ್ಲಿ ಅಳಿಸಿ ಕಳಿಸು. 2023ರ ಡೇಟಾ ರಕ್ಷಣೆ ಕಾಯ್ದೆ ಇದೆ ಅಂತ ಒಂದು, ಅದು ಇರ್ದಿದ್ರೂ ನಮ್ಮನ್ನ ನಂಬಿ ಕೊಟ್ಟಿದ್ದು ಅದು.

ಮೂರನೇದು, ಸೈಟ್ ಎದ್ದಿದ್ಯಾ ಅಂತ ಹೊರಗಿಂದ ನೋಡೋದು. ಅದಕ್ಕೆ ಅಪ್‌ಟೈಮ್ ಕುಮಾ ಅನ್ನೋ ಟೂಲ್ ಪುಕ್ಕಟೆ, ಚೆನ್ನಾಗಿದೆ, ಆದ್ರೆ ಅದೇ ವಿಪಿಎಸ್ ಮೇಲೆ ಹಾಕ್ಬೇಡ. ನಾನು ಹಿಂದೆ ಕೆಲ್ಸ ಮಾಡ್ತಿದ್ದ ಕಡೆ ಹಾಗೇ ಮಾಡಿದ್ವಿ, ಡಿಸ್ಕ್ ತುಂಬಿ ಸರ್ವರ್ ಮಲಗಿದಾಗ ಅಲಾರಂ ಹೊಡೆಯೋದೂ ಅದರ ಜೊತೆ ಮಲಗಿತ್ತು, ಬೆಳಿಗ್ಗೆ ತನಕ ಒಬ್ಬರಿಗೂ ಗೊತ್ತಾಗ್ಲಿಲ್ಲ. ಬರೀ ಹೋಮ್ ಪೇಜ್ ನೋಡಿದ್ರೂ ಸಾಲ್ದು, ಡೇಟಾಬೇಸ್ ಮುಟ್ಟಿ ಬರೋ ಒಂದು ಹಗುರ ಹೆಲ್ತ್ ಪೇಜ್ ಮಾಡು, ನಿಮಿಷಕ್ಕೊಮ್ಮೆ ಅದನ್ನ ಕೇಳ್ಲಿ, ಎರಡು ಸಲ ಸತತವಾಗಿ ತಪ್ಪಿದ್ರೆ ಮಾತ್ರ ಫೋನ್ ಹೊಡೀಲಿ. ಮೊದ್ಲು ಹೇಳಿದ ಕ್ರಾನ್ ಜಾಬ್ ತಾನೇ ನಿಂತುಹೋದ್ರೆ? ಅದಕ್ಕೆ ಹೆಲ್ತ್‌ಚೆಕ್ಸ್ ಥರದ್ದು ಬೇಕು, ಜಾಬ್ ಓಡಿದಾಗೆಲ್ಲ ಅದಕ್ಕೊಂದು ಪಿಂಗ್ ಕಳಿಸುತ್ತೆ, ಪಿಂಗ್ ಬರೂದು ನಿಂತ್ರೆ ಅದು ನಿಮ್ಮನ್ನ ಎಬ್ಬಿಸುತ್ತೆ.

ಪ್ರಶ್ನೆ, ಕುಮಟಾದಿಂದ:

ಅಕ್ಕಾ ಇದು ಬಹಳ ಉಪಕಾರ ಆಯ್ತು. ಸ್ಪೀಡ್ ಬಗ್ಗೆನೂ ಹೇಳಿ. ಗೂಗಲ್‌ನ ಪೇಜ್ ಪರೀಕ್ಷೆ ಮಾಡೋ ಟೂಲ್ ಲೈಟ್‌ಹೌಸಲ್ಲಿ ನೂರಕ್ಕೆ 95 ಬರುತ್ತೆ, ಸರ್ವರ್ ಸರಾಸರಿ ಒಂದು ಸೆಕೆಂಡಿಗಿಂತ ಕಡಿಮೆ, ಆದ್ರೂ ಜನ ಸ್ಲೋ ಅಂತಾರೆ.

ಉತ್ತರ:

ಸರಾಸರಿ ಬಿಟ್ಬಿಡು. 100 ರಿಕ್ವೆಸ್ಟಲ್ಲಿ 90 ರಿಕ್ವೆಸ್ಟ್ 0.2 ಸೆಕೆಂಡಿಗೆ ಮುಗಿದು ಉಳಿದ 10 ತಲಾ 8 ಸೆಕೆಂಡ್ ತಗೊಂಡ್ರೆ ಸರಾಸರಿ 0.98 ಸೆಕೆಂಡ್, ಚೆಂದ ಕಾಣುತ್ತೆ, ಆದ್ರೆ ಹತ್ತು ಜನರಲ್ಲಿ ಒಬ್ಬ 8 ಸೆಕೆಂಡ್ ಕಾದಿದ್ದಾನೆ. ಪಿ95 ನೋಡು, ಅಂದ್ರೆ ನೂರರಲ್ಲಿ 95 ರಿಕ್ವೆಸ್ಟ್ ಎಷ್ಟು ಹೊತ್ತಿನೊಳಗೆ ಮುಗಿದ್ವು ಅನ್ನೋದು, ಅಲ್ಲಿ 8 ಅಂತ ನೇರ ಕಾಣುತ್ತೆ. ಆ 10 ಯಾವುವು ಅಂತ ಹುಡುಕೋಕೆ, ನಿನ್ನ ಕೋಡಿನ ಮುಂದೆ ಕೂರೋ ವೆಬ್ ಸರ್ವರ್ ಎಂಜಿನ್‌ಎಕ್ಸ್ ಲಾಗಲ್ಲಿ ರಿಕ್ವೆಸ್ಟ್ ಟೈಮ್ (ಉತ್ತರ ಪೂರ್ತಿ ಕಳಿಸೋ ತನಕ ಆದ ಹೊತ್ತು), ಅಪ್‌ಸ್ಟ್ರೀಮ್ ಟೈಮ್ (ನಿನ್ನ ಕೋಡ್ ತಗೊಂಡ ಹೊತ್ತು) ಎರಡೂ ಬರೆಸು. ಎರಡೂ ಜಾಸ್ತಿ ಇದ್ರೆ ತಪ್ಪು ನಿನ್ನ ಕೋಡ್ ಅಥವಾ ಡೇಟಾಬೇಸ್ ಕ್ವೆರಿಯದ್ದು, ಮೊದಲನೇದು ಮಾತ್ರ ಜಾಸ್ತಿ ಇದ್ರೆ ಗ್ರಾಹಕರ ನೆಟ್‌ವರ್ಕ್ ನಿಧಾನ ಇರೋ ಸಂಭವ ಹೆಚ್ಚು. ಪೋಸ್ಟ್‌ಗ್ರೆಸಲ್ಲಿ ನಿಧಾನದ ಕ್ವೆರಿ ಲಾಗ್ ಮಾಡೋದು ತಾನಾಗೇ ಆನ್ ಇರೂದಿಲ್ಲ, 500 ಮಿಲಿಸೆಕೆಂಡ್ ದಾಟಿದ್ದೆಲ್ಲ ಬರೀಲಿ ಅಂತ ಸೆಟ್ ಮಾಡು.

ಲೈಟ್‌ಹೌಸ್ 95 ಬಂದಿದ್ದು ನಿನ್ನ ಮನೆ ಫೈಬರಲ್ಲಿ, ನಿನ್ನ ಲ್ಯಾಪ್‌ಟಾಪಲ್ಲಿ. ನಿನ್ನ ಗ್ರಾಹಕ ದೇವಿಮನೆ ಘಾಟಲ್ಲಿ ಬಸ್ಸಲ್ಲಿ ಕೂತು ಒಂದು ಕಡ್ಡಿ ಸಿಗ್ನಲಲ್ಲಿ ರೂಮು ಹುಡುಕ್ತಿರ್ತಾನೆ. ಅವನ ಫೋನಲ್ಲಿ ಎಷ್ಟಾಯ್ತು ಅಂತ ಬೇಕು ನಮಗೆ. ವೆಬ್ ವೈಟಲ್ಸ್ ಅಂತ ಗೂಗಲ್‌ನದ್ದೊಂದು ಸಣ್ಣ ಲೈಬ್ರರಿ ಇದೆ, ಅದನ್ನ ಹಾಕಿ ಅಳತೆನ ನಿನ್ನ ಸರ್ವರ್‌ಗೇ ತರಿಸ್ಕೋ. ದೊಡ್ಡ ಚಿತ್ರ ಅಥವಾ ಪಠ್ಯ ಕಾಣೋ ಎಲ್‌ಸಿಪಿ 2.5 ಸೆಕೆಂಡ್ ಒಳಗೆ, ಒತ್ತಿದ್ದಕ್ಕೆ ಪೇಜ್ ಸ್ಪಂದಿಸೋ ಐಎನ್‌ಪಿ 200 ಮಿಲಿಸೆಕೆಂಡ್ ಒಳಗೆ, ಪೇಜ್ ಜಿಗಿದಾಡೋ ಸಿಎಲ್‌ಎಸ್ 0.1 ಒಳಗೆ, ಅದೂ ನೂರರಲ್ಲಿ 75 ಭೇಟಿಗೆ. ಎಫ್‌ಐಡಿ ಅನ್ನೋ ಹಿಂದಿನ ಅಳತೆ ಬಗ್ಗೆ ಹಳೇ ಲೇಖನ ಸಿಕ್ರೆ ಓದ್ಬೇಡ, 2024ರ ಮಾರ್ಚಲ್ಲೇ ಅದರ ಜಾಗಕ್ಕೆ ಐಎನ್‌ಪಿ ಬಂತು.

ಇನ್ನೊಂದು ಮಾತು, ಇದನ್ನ ಬಹಳ ಜನ ಯೋಚ್ನೆನೇ ಮಾಡೂದಿಲ್ಲ. ಪೇಜ್ ಬರೋಷ್ಟರಲ್ಲೇ ಬೇಸತ್ತು ವಾಪಸ್ ಹೋದವನ ಫೋನಲ್ಲಿ ಆ ಅಳೆಯೋ ಸ್ಕ್ರಿಪ್ಟ್ ಓಡೇ ಇರೂದಿಲ್ಲ, ಹಾಗಾಗಿ ಎಲ್ಲಕ್ಕಿಂತ ಕಷ್ಟಪಟ್ಟವರು ಲೆಕ್ಕಕ್ಕೇ ಬರೂದಿಲ್ಲ. ಎಂಜಿನ್‌ಎಕ್ಸ್ ಲಾಗಲ್ಲಿ ಪೇಜ್ ಕೇಳಿದವರೆಷ್ಟು, ಅಳತೆ ಬಂದಿದ್ದೆಷ್ಟು ಅಂತ ಜೋಡಿಸಿ ನೋಡು. ಬಾಟ್‌ಗಳನ್ನ ಕಳೆದ ಮೇಲೂ ಅಂತರ ದೊಡ್ಡದಿದ್ರೆ ಹೋಮ್‌ಸ್ಟೇ ಫೋಟೋಗಳ ಸೈಜ್ ಇಳಿಸೋದ್ರಿಂದ ಶುರು ಮಾಡು.

ಪ್ರಶ್ನೆ, ಕಾರವಾರದಿಂದ:

ಮೇಡಂ, ನಮ್ಮ ಆಫೀಸಲ್ಲಿ ಸರ್ವರ್ ಅಳತೆ ಕೂಡಿಡೋ ಪ್ರೊಮಿಥಿಯಸ್, ಅದನ್ನ ಗ್ರಾಫಲ್ಲಿ ತೋರಿಸೋ ಗ್ರಫಾನಾ ಎಲ್ಲಾ ಹಾಕಿದ್ದೇವೆ, ಆದ್ರೆ ಮಳೆಗಾಲದಲ್ಲಿ ದಿನಕ್ಕೆ 40 ಅಲಾರಂ ಮೆಸೇಜ್ ಬಂದು ಈಗ ಎಲ್ರೂ ಆ ಗ್ರೂಪ್ ಮ್ಯೂಟ್ ಮಾಡಿದ್ದಾರೆ. ಎಂತ ಮಾಡೋದು?

ಉತ್ತರ:

ಸರ್, ಪ್ರೊಮಿಥಿಯಸ್ ಒಳ್ಳೇದೇ, ಹತ್ತಾರು ಸರ್ವರ್ ಇದ್ದವರಿಗೆ ಬೇಕೇ ಬೇಕು, ಮೇಲಿನ ತಮ್ಮನ 2 ಜಿಬಿ ಮಿಷನ್‌ಗೆ ಈಗ್ಲೇ ಬೇಡ. ನೀವು ಒಂದು ದಿನ ಕೂತು ಆ 40ನ್ನೂ ಒಂದೊಂದಾಗಿ ಓದಿ, ಇದು ರಾತ್ರಿ 2 ಗಂಟೆಗೆ ಬಂದ್ರೆ ಎದ್ದು ಏನಾದ್ರೂ ಮಾಡ್ತೀರಾ ಅಂತ ಕೇಳ್ಕೊಳ್ಳಿ. ಇಲ್ಲ ಅಂತಾದ್ರೆ ಅದನ್ನ ಫೋನಿಂದ ತೆಗೆದು ಬೆಳಗ್ಗಿನ ಇಮೇಲ್‌ಗೆ ಹಾಕಿ. ಸಿಪಿಯು ನೂರಕ್ಕೆ 90 ಆಯ್ತು ಅಂತ ಯಾರನ್ನೂ ಎಬ್ಬಿಸ್ಬೇಡಿ, ಎರರ್ 5 ನಿಮಿಷದಿಂದ ನೂರಕ್ಕೆ ಎರಡು ದಾಟಿದೆ ಅಂದ್ರೆ ಎಬ್ಬಿಸಿ. ಡಿಸ್ಕ್ ನೂರಕ್ಕೆ 80 ದಾಟಿದ್ದು ಹಗಲು ಹೊತ್ತಿಗೆ ಬರ್ಲಿ. ಹಾಗೇ ಸೈಟಿನ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಮುಗಿಯೋದಕ್ಕೆ 14 ದಿನ ಮೊದ್ಲೇ ಒಂದು ಎಚ್ಚರಿಕೆ ಇಡಿ, ಅದನ್ನ ಪುಕ್ಕಟೆ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್‌ನವರು 2025ರ ಜೂನಿಂದ ನೆನಪಿನ ಇಮೇಲ್ ಕಳಿಸೋದು ನಿಲ್ಲಿಸಿದ್ದಾರೆ, ಅದನ್ನೇ ನಂಬಿ ಕೂತವರು ಬಹಳ ಜನ.

ಕುಮಟಾದಿಂದ:

ಅಕ್ಕಾ, ತಾಳೆ ನೋಡಿದ್ವಿ. ಒಟ್ಟು 7 ಪೇಮೆಂಟ್‌ಗೆ ಬುಕಿಂಗ್ ಇಲ್ಲ. ನೀವು ಹೇಳಿದ ಹಾಗೇ, ಕ್ಯಾಚ್ ಒಳಗೆ ಕನ್ಸೋಲ್ ಲಾಗ್, ಕೆಳಗೆ 200. ಈಗ್ಲೇ ಕೋಡ್ ತಿದ್ತಾ ಇದ್ದೇವೆ.

ಉತ್ತರ:

ಕೋಡ್ ಒಂದು ತಾಸು ತಡ ಆದ್ರೂ ಅಡ್ಡಿಲ್ಲ ತಮ್ಮಾ. ಮೊದ್ಲು ಆ 7 ಜನಕ್ಕೆ ಫೋನ್ ಮಾಡಿ, ದುಡ್ಡು ಇವತ್ತೇ ರೀಫಂಡ್ ಹಾಕಿ. ಆಮೇಲೆ ಟೆಸ್ಟ್ ಮೋಡಲ್ಲಿ ಬೇಕಂತಲೇ ವೆಬ್‌ಹುಕ್ ಒಡೆದು, 15 ನಿಮಿಷದೊಳಗೆ ಇಬ್ಬರ ಫೋನೂ ರಿಂಗ್ ಆಗುತ್ತಾ ನೋಡಿ ಇಲ್ಲಿ ಬರೀರಿ.