ಮುಖ್ಯ ಶಿಕ್ಷಕರಾಗಿ ಕ್ರಿಯಾ ಸಂಶೋಧನೆ ಮಾಡಿದವರು ಇದ್ದೀರಾ?

ಸೋಮವಾರಪೇಟೆ ತಾಲೂಕಿನ ಸರ್ಕಾರಿ ಶಾಲೆಗೆ ಈ ವರ್ಷ ಮುಖ್ಯ ಶಿಕ್ಷಕಿಯಾಗಿ ಬಂದಿದ್ದೇನೆ. ಕ್ರಿಯಾ ಸಂಶೋಧನೆ, ಅಂದರೆ ಶಾಲೆಯ ಒಂದು ಸಮಸ್ಯೆಗೆ ನಾವೇ ಪರಿಹಾರ ಮಾಡಿ ನೋಡಿ ಏನಾಯಿತು ಅಂತ ಬರೆದಿಡೋದು, ಅದನ್ನು ಮಾಡಿ ಅಂದಿದ್ದಾರೆ. ಕಾಫಿ ಕೊಯ್ಲು ಶುರುವಾದರೆ ಲೈನ್ ಮನೆ (ತೋಟದ ಕಾರ್ಮಿಕರ ಸಾಲು ಮನೆ) ಮಕ್ಕಳು ಸರಿಯಾಗಿ ಬರಲ್ಲ, ಅದನ್ನೇ ವಿಷಯ ಮಾಡಬಹುದಾ? ಮಾಡಿದವರು ಅನುಭವ ಹೇಳಿ.

ವಿರಾಜಪೇಟೆ ಕಡೆಯಿಂದ:
ಖಂಡಿತ ಮಾಡಿ ಮೇಡಂ. ಆದರೆ "ಮಕ್ಕಳು ಯಾಕೆ ಬರಲ್ಲ" ಅಂತ ಶುರು ಮಾಡಿದರೆ ಬಡತನ, ವಲಸೆ ಅಂತ ನಾಲ್ಕು ಪುಟ ಬರೆದು ಮುಗಿಸಿಬಿಡ್ತೀವಿ. "ನಾನು ಶಾಲೆಯಲ್ಲಿ ಏನು ಬದಲಿಸಿದರೆ ಹಾಜರಾತಿ ಏರುತ್ತದೆ" ಅಂತ ಕೇಳಿಕೊಳ್ಳಿ. ನಮ್ಮಲ್ಲಿ ಹಾಜರಿ ಪುಸ್ತಕದ ಜೊತೆ ಒಂದು ನೋಟ್‌ಬುಕ್ ಇಟ್ಟೆವು. ಮಗು ವಾಪಸ್ ಬಂದ ದಿನ ಅದು ಹೇಳಿದ ಕಾರಣವನ್ನು ಅದರ ಮಾತಲ್ಲೇ ಬರೆಯುವುದು: "ತಮ್ಮನ್ನ ನೋಡ್ಕೊಂಡೆ", "ದಾರೀಲಿ ಆನೆ ಇತ್ತು", "ಸಂತೆಗೆ ಹೋಗಿ ಸುಸ್ತಾಗಿತ್ತು". ತಿಂಗಳ ಕೊನೆಗೆ ಶಿಕ್ಷಕರೆಲ್ಲ ಕೂತು ಓದಿದಾಗ, ತಮ್ಮ ತಂಗಿಯನ್ನು ನೋಡಿಕೊಳ್ಳೋಕೆ ಉಳಿದವರೇ ಜಾಸ್ತಿ, ಅದರಲ್ಲೂ ದೊಡ್ಡ ಹುಡುಗಿಯರು. ಅಂಗನವಾಡಿ ಕಾರ್ಯಕರ್ತೆಯ ಜೊತೆ ಮಾತಾಡಿದೆವು. ಪೋಷಕರ ಸಭೆಯನ್ನು ಸಂಜೆ, ಲೈನ್ ಮನೆ ಅಂಗಳದಲ್ಲೇ ಇಟ್ಟೆವು. ಆಮೇಲೆ ಮತ್ತೆ ಅದೇ ನೋಟ್‌ಬುಕ್ ನೋಡಿದೆವು. ಎಲ್ಲರೂ ಬಂದರು ಅಂತೇನಿಲ್ಲ. ಆದರೆ ಆ ಹುಡುಗಿಯರಲ್ಲಿ ಕೆಲವರು ಬರತೊಡಗಿದರು. ಆನೆ ದಾರಿಯದ್ದು ಮಾತ್ರ ನಮ್ಮ ಕೈಯಲ್ಲಿ ಆಗಲಿಲ್ಲ.

ಕುಶಾಲನಗರದಿಂದ:
ಅಂಕಿಅಂಶ ಅಂತ ಹೆದರಬೇಡಿ. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1946ರಲ್ಲಿ ಕ್ರಿಯಾ ಸಂಶೋಧನೆ ಬಗ್ಗೆ ಬರೆದಾಗಲೂ ಇದ್ದದ್ದು ಇಷ್ಟೇ: ಯೋಜನೆ ಹಾಕು, ಮಾಡು, ಏನಾಯಿತು ನೋಡು, ತಿದ್ದಿ ಮತ್ತೆ ಮಾಡು. ಈಗ ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಮುಖ್ಯ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಅಂತ ಇದೆ. ಹಾಲ್‌ನಲ್ಲಿ ಕೂತು ಪಿಪಿಟಿ ನೋಡೋದಕ್ಕಿಂತ ಇದು ಎಷ್ಟೋ ವಾಸಿ, ಅಲ್ವಾ? ಕುಡಿಗೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್‌ನಲ್ಲೂ ಒಮ್ಮೆ ವಿಚಾರಿಸಿ.

ಪೊನ್ನಂಪೇಟೆಯಿಂದ:
ಎರಡೇ ಮಾತು. ನಿಮ್ಮ ಶಿಕ್ಷಕರಿಗೆ ಇದು ತಪಾಸಣೆ ಅನ್ನಿಸಿದರೆ ನೋಟ್‌ಬುಕ್ ತುಂಬುತ್ತದೆ, ನಿಜ ಇರಲ್ಲ. ಹಾಗಾಗಿ ಮೊದಲು ನಿಮ್ಮ ತರಗತಿಯಿಂದಲೇ ಶುರು ಮಾಡಿ. ಇನ್ನೊಂದು, ಕೊಯ್ಲಿನ ಹಾಜರಾತಿಯನ್ನು ಜುಲೈ, ಆಗಸ್ಟ್ ಜೊತೆ ಹೋಲಿಸಬೇಡಿ, ಆಗ ಮಳೆ ರಜೆ. ಹೋದ ವರ್ಷದ ಅದೇ ತಿಂಗಳ ಹಾಜರಿ ಪುಸ್ತಕ ಹುಡುಕಿ ಇಟ್ಟುಕೊಳ್ಳಿ. ನಿಮ್ಮ ಕಡೆ ಅರೇಬಿಕಾ ಜಾಸ್ತಿ ಇದ್ದರೆ ಕೊಯ್ಲು ಬೇಗ ಶುರು, ರೋಬಸ್ಟಾ ಆಮೇಲೆ. ಅದಕ್ಕೆ ತಕ್ಕಂತೆ ತಿಂಗಳು ಆರಿಸಿಕೊಳ್ಳಿ.